ಕಪ್ಪತಗುಡ್ಡದ ಮೂಲಿಕೆಗಳೂ ಜೈನ ವೈದ್ಯಗ್ರಂಥಗಳೂ

ನರಗುಂದ, ರೋಣಗಳ ಎರೆಬಯಲು ಹತ್ತಿ, ಜೋಳ, ಕಡಲೆಗಳ ನೆಲ. ಅಲ್ಲಿ ಕಾಡು ವಿರಳ. ಗದಗ ಜಿಲ್ಲೆಯ ಔಷಧಸಸ್ಯಗಳ ಭಂಡಾರವಿರುವುದು ದಕ್ಷಿಣ ಭಾಗದಲ್ಲಿ, ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡದಲ್ಲಿ. ಅದೇ ಗದಗ ತಾಲೂಕಿನ ಮುಳಗುಂದ ಪ್ರಾಚೀನ ಜೈನಕೇಂದ್ರ. ಅಲ್ಲಿನ ಬಸದಿಗೆ ಸಂದ ಭೂದಾನವನ್ನು ಕ್ರಿ.ಶ. 902–03ರ ಶಾಸನ ಹೇಳುತ್ತದೆ. ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ್ದೂ ಅಲ್ಲಿಯೇ.

ಜೈನ ವೈದ್ಯಪರಂಪರೆಯಲ್ಲಿ ಸಸ್ಯಕ್ಕೆ ದೊರೆತ ಪ್ರಾಧಾನ್ಯಕ್ಕೆ ತಾತ್ತ್ವಿಕ ಕಾರಣವಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟನು. ಮಾಂಸವು ನಿಷ್ಪ್ರಯೋಜಕವೆಂದು ನೃಪತುಂಗನ ಸಭೆಯಲ್ಲಿ ವಾದಿಸಿದುದನ್ನು ಗ್ರಂಥವೇ ತಿಳಿಸುತ್ತದೆ. ಅಹಿಂಸೆಯು ಹೀಗೆ ವೈದ್ಯದ ಹೊರೆಯನ್ನು ಸಸ್ಯ, ಖನಿಜಗಳ ಮೇಲಿರಿಸಿತು. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿಯೇ ನಿರೂಪಿಸಿದನು.

ಈ ಗ್ರಂಥಗಳು ಅಚ್ಚಾಗಿವೆ. ಆದರೆ ಅವುಗಳಲ್ಲಿನ ಸಸ್ಯನಾಮಗಳ ಅರ್ಥ ಅಚ್ಚಿನಿಂದ ಭದ್ರವಾಗದು. ಶಂಖಪುಷ್ಪಿ ಎಂಬ ಒಂದೇ ಹೆಸರಿನಿಂದ ಕೆಲವರು ವಿಷ್ಣುಕ್ರಾಂತಿಯನ್ನು, ಕೆಲವರು ಗಿರಿಕರ್ಣಿಕೆಯನ್ನು ಗ್ರಹಿಸುತ್ತಾರೆ. ಓಲೆಪ್ರತಿಗಳನ್ನು ಹೋಲಿಸಿ ಸಂಪಾದಕನು ಶಬ್ದದ ಶುದ್ಧಪಾಠವನ್ನು ನಿರ್ಣಯಿಸಬಲ್ಲನು. ಆ ಶಬ್ದ ಸೂಚಿಸುವ ಗಿಡ ಯಾವುದೆಂಬುದನ್ನು ಮಾತ್ರ ಗಿಡವೂ ಅದನ್ನು ಗುರುತಿಸಬಲ್ಲ ನಾಟಿವೈದ್ಯನೂ ಇದ್ದರೆ ತಿಳಿಯಬಹುದು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಬೇರಿಗಾಗಿ ಕಿತ್ತ ಗಿಡಕ್ಕೆ ಅಂಥ ಪ್ರತಿಯಿಲ್ಲ; ಎಲೆ ಕೊಯ್ದರೆ ಚಿಗುರೀತು, ಬೇರು ಅಗೆದರೆ ಬೀಜ ಕಟ್ಟುವ ಮೊದಲೇ ಸಂತತಿ ಕಡಿಯುತ್ತದೆ.

ಕಪ್ಪತಗುಡ್ಡಕ್ಕೆ ಎದುರಾದ ಅಪಾಯ ಇನ್ನೂ ದೊಡ್ಡದು: ಅದರ ಒಡಲಲ್ಲಿ ಚಿನ್ನ, ಕಬ್ಬಿಣದ ಅದಿರುಗಳಿವೆ. 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಗುಡ್ಡ 2016ರಲ್ಲಿ ಆ ರಕ್ಷಣೆಯನ್ನು ಕಳೆದುಕೊಂಡಿತು. 2017ರ ಫೆಬ್ರವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಆ ವರ್ಷವೇ ರಕ್ಷಣೆ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ವೀರಶೈವ ಮಠದ ಯತಿಯೊಬ್ಬರ ಹೋರಾಟವು ಜೈನ ವೈದ್ಯಗ್ರಂಥಗಳ ಓದುಗರಿಗೂ ಉಪಕರಿಸಿದೆ ಎನ್ನಬೇಕು.

ಆದರೆ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಸಸ್ಯವನ್ನು ಕೀಳುವಂತಿಲ್ಲ. ಗಣಿಯನ್ನು ತಡೆದ ಕಾನೂನು ನಾಟಿವೈದ್ಯನ ಕೈಯನ್ನೂ ತಡೆಯುತ್ತದೆ. ಗುಡ್ಡದ ಬೀಜಗಳಿಂದ ಕೆಳಗಿನ ಊರುಗಳಲ್ಲಿ ಸಸಿಮಡಿಗಳನ್ನು ಬೆಳೆಸುವುದು ಒಂದು ದಾರಿ. ವೈದ್ಯನೂ ಸಸ್ಯಶಾಸ್ತ್ರಜ್ಞನೂ ಗ್ರಂಥಸಂಪಾದಕನೂ ಆ ಮಡಿಗಳ ಬಳಿ ಒಟ್ಟಿಗೆ ಕುಳಿತು, ಊರಿನ ಹೆಸರು, ಗ್ರಂಥದ ಹೆಸರು, ಒಣಗಿಸಿದ ಮಾದರಿ ಮೂರನ್ನೂ ಜೋಡಿಸುವ ಕೆಲಸವು ಈಗಿನ ತಲೆಮಾರಿನ ವೈದ್ಯರು ಇರುವಾಗಲೇ ಆಗಬೇಕು.