ಶಾಬ್ಲಿಯ ಬಿಳಿ ವೈನು ಮತ್ತು ರಾವನೋ ಮನೆತನ

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರದ ಅಂಚಿನಲ್ಲಿ, ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿ, ಸೆರಾಂ ಎಂಬ ಸಣ್ಣ ಹೊಳೆಯ ದಂಡೆಯ ಮೇಲೆ ಶಾಬ್ಲಿ ಪಟ್ಟಣವಿದೆ. ಇಲ್ಲಿನ ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟುವುದಿಲ್ಲ. ಶಾಬ್ಲಿ ಎಂಬ ಹೆಸರಿನಲ್ಲಿ ಮಾರುವ ವೈನಿಗೆ ಶಾರ್ಡೊನೆ ಬಿಟ್ಟು ಬೇರೆ ದ್ರಾಕ್ಷಿ ಸಲ್ಲದು. ಅದೇ ಶಾರ್ಡೊನೆ ಜಗತ್ತಿನ ಹತ್ತಾರು ದೇಶಗಳಲ್ಲಿ ಬೆಳೆಯುತ್ತದೆ. ಆದರೂ ಇಲ್ಲಿನ ವೈನಿನ ಹರಿತವಾದ ಹುಳಿಗೆ, ಒದ್ದೆ ಕಲ್ಲನ್ನು ನೆನಪಿಸುವ ರುಚಿಗೆ ಬೇರೆಯದೇ ಗುರುತಿದೆ. ಹುಳಿ ಉಳಿಯುವುದಕ್ಕೆ ಚಳಿಯೇ ಮುಖ್ಯ ಕಾರಣ. ರುಚಿಯ ಶ್ರೇಯಸ್ಸನ್ನು ಬೆಳೆಗಾರರು ಮಣ್ಣಿಗೆ ಕೊಡುತ್ತಾರೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಕಿಮ್ಮರಿಜಿಯನ್ ಎಂದು ಭೂವಿಜ್ಞಾನಿಗಳು ಕರೆಯುವ ಆ ಕಾಲದ ಸುಣ್ಣಗಲ್ಲಿನಲ್ಲಿ ಅಲ್ಪವಿರಾಮದಾಕಾರದ ಪುಟ್ಟ ಸಿಂಪಿಗಳ ಚಿಪ್ಪು ಇಂದಿಗೂ ತೋಟದಲ್ಲಿ ಕೈಗೆ ಸಿಗುತ್ತದೆ.

ಊರಿನ ವೈನಿನ ಚರಿತ್ರೆ ಮಠಗಳಿಂದ ಆರಂಭವಾಗುತ್ತದೆ. ವೈಕಿಂಗರ ದಾಳಿಗೆ ಹೆದರಿ ಸಂತ ಮಾರ್ಟಿನನ ಅವಶೇಷಗಳೊಂದಿಗೆ ಓಡಿಬಂದ ತೂರ್ ನಗರದ ಸನ್ಯಾಸಿಗಳಿಗೆ ರಾಜ ಬೋಳುತಲೆಯ ಚಾರ್ಲ್ಸ್ 867ರಲ್ಲಿ ಇಲ್ಲಿನ ಮಠವೊಂದನ್ನು ಬಿಟ್ಟುಕೊಟ್ಟ. 1114ರಲ್ಲಿ ಹತ್ತಿರದ ಪೊಂತಿನ್ಯಿಯಲ್ಲಿ ಸಿಸ್ಟರ್ಶಿಯನ್ ಮಠ ಸ್ಥಾಪನೆಯಾಯಿತು. ಅದರ ಸನ್ಯಾಸಿಗಳು ಶಾಬ್ಲಿಯಲ್ಲಿ ದ್ರಾಕ್ಷಿ ತೋಟ ಹಿಡಿದು, ವೈನಿನ ನೆಲಮಾಳಿಗೆ ಕಟ್ಟಿದರು. ಪೀಪಾಯಿಗಳು ಗಾಡಿಯಲ್ಲಿ ಓಸೇರ್ ಊರಿಗೆ ಹೋಗಿ, ಅಲ್ಲಿಂದ ಯೊನ್ ನದಿಯಲ್ಲಿ ದೋಣಿ ಹತ್ತಿ ಪ್ಯಾರಿಸ್ ಸೇರುತ್ತಿದ್ದವು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠಗಳ ಜಮೀನು ಜಪ್ತಿಯಾಗಿ ಹರಾಜಾಯಿತು. 1804ರ ನೆಪೋಲಿಯನ್ ಸಂಹಿತೆ ಮಕ್ಕಳೆಲ್ಲರಿಗೂ ಸಮಪಾಲು ವಿಧಿಸಿದ್ದರಿಂದ ತಲೆಮಾರಿಗೊಮ್ಮೆ ತೋಟಗಳು ಹಿಸ್ಸೆಯಾಗುತ್ತ ಬಂದವು. ಇಂದಿಗೂ ಒಂದೊಂದು ಮನೆತನದ ಆಸ್ತಿ ಹತ್ತು ಕಡೆ ಚದುರಿದ ತುಂಡುಗಳಾಗಿರುವುದು ಈ ಕಾರಣಕ್ಕೆ.

19ನೇ ಶತಮಾನದಲ್ಲಿ ಯೊನ್ ಜಿಲ್ಲೆಯಲ್ಲಿ ಸುಮಾರು 40,000 ಹೆಕ್ಟೇರ್ ದ್ರಾಕ್ಷಿ ಇತ್ತು. ಅದನ್ನು ಮೊದಲು ಕೆಡವಿದ್ದು ರೋಗವಲ್ಲ, ರೈಲು. ದಕ್ಷಿಣದಿಂದ ಪ್ಯಾರಿಸ್ಸಿಗೆ ಹಳಿ ಬಿದ್ದ ಮೇಲೆ ಬಿಸಿಲ ನಾಡಿನ ಅಗ್ಗದ ವೈನು ರಾಜಧಾನಿಗೆ ಹರಿದುಬಂತು. ನದಿಯ ಸಾಮೀಪ್ಯದಿಂದ ಶಾಬ್ಲಿಗಿದ್ದ ಲಾಭ ಹೋಯಿತು. ಬೂದಿರೋಗವೂ ಬೇರು ತಿನ್ನುವ ಫಿಲಾಕ್ಸೆರಾ ಕೀಟವೂ ಉಳಿದದ್ದನ್ನು ತಿಂದವು. ಮೊದಲ ಮಹಾಯುದ್ಧ ಗಂಡಾಳುಗಳನ್ನು ಒಯ್ದಿತು. 1938ರಲ್ಲಿ ಸರ್ಕಾರ ಶಾಬ್ಲಿ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತಾದರೂ 1950ರ ದಶಕದಲ್ಲಿ ಉಳಿದಿದ್ದ ತೋಟ ಸುಮಾರು 500 ಹೆಕ್ಟೇರ್ ಮಾತ್ರ. ಅಷ್ಟರಲ್ಲಿ ಅಮೆರಿಕದಲ್ಲಿ ಶಾಬ್ಲಿ ಎಂದರೆ ಯಾವುದೇ ಅಗ್ಗದ ಬಿಳಿ ವೈನು ಎಂದಾಗಿತ್ತು. ಮುಂದೆ ಗುಲಾಬಿ ಬಣ್ಣದ ಶಾಬ್ಲಿಯೂ ಅಲ್ಲಿನ ಅಂಗಡಿಗೆ ಬಂತು.

ರಾವನೋ ಮನೆತನದ ಕಥೆ ಈ ಕುಸಿತದೊಳಗಿನದು. ಎರಡನೇ ಮಹಾಯುದ್ಧಕ್ಕೆ ಮುಂಚೆ ಲೂಯಿ ರಾವನೋ ಮನೆಯ ತೋಟಗಳಲ್ಲಿ ಬಹುಪಾಲನ್ನು ಮಾರಿಬಿಟ್ಟಿದ್ದರು. ಭೂಮಿಗೆ ಬೆಲೆಯಿಲ್ಲದ ಆ ದಿನಗಳಲ್ಲಿ ಅದನ್ನು ದಡ್ಡತನ ಎನ್ನಲಾಗದು. ಮಗ ಫ್ರಾಂಸ್ವಾ ಉಲ್ಟಾ ದಾರಿ ಹಿಡಿದರು. ಹೆಂಡತಿಯ ತವರಾದ ಡೋವಿಸಾ ಮನೆತನದಿಂದ ಬಂದ ತೋಟಕ್ಕೆ ತಾವು ಕೊಂಡ ತುಂಡುಗಳನ್ನು ಸೇರಿಸುತ್ತ 1948ರಲ್ಲಿ ಸ್ವಂತ ಎಸ್ಟೇಟ್ ಕಟ್ಟಿದರು. ಲೆ ಕ್ಲೋ, ವಾಲ್ಮೂರ್, ಬ್ಲಾಂಶೋದಂಥ ಅತ್ಯುತ್ತಮ ಇಳಿಜಾರುಗಳಲ್ಲಿ ನೆಲ ಸಿಕ್ಕಿದ್ದು ಕೊಳ್ಳುವವರು ಕಡಿಮೆ ಇದ್ದುದರಿಂದಲೇ.

ಆ ಕಾಲದ ಬೆಳೆಗಾರನ ದೊಡ್ಡ ಶತ್ರು ವಸಂತದ ಹಿಮ. ಏಪ್ರಿಲ್ ರಾತ್ರಿಗಳಲ್ಲಿ ತಾಪಮಾನ ಸೊನ್ನೆಗಿಂತ ಕೆಳಗಿಳಿದರೆ ಆಗತಾನೆ ಒಡೆದ ಚಿಗುರು ಬೆಳಗಾಗುವುದರೊಳಗೆ ಸುಟ್ಟಂತೆ ಕಪ್ಪಾಗುತ್ತದೆ. 1957ರಲ್ಲಿ ಬಹುತೇಕ ಫಸಲೇ ಹೋಯಿತು. ಆಮೇಲೆ ಸಾಲುಗಳ ನಡುವೆ ಎಣ್ಣೆಯ ಒಲೆಗಳನ್ನಿಟ್ಟು ನಡುರಾತ್ರಿ ಎದ್ದು ಹಚ್ಚುವ ರೂಢಿ ಬಂತು. ಇನ್ನೊಂದು ಉಪಾಯ ಮೇಲ್ನೋಟಕ್ಕೆ ವಿಚಿತ್ರ: ಚಿಗುರಿನ ಮೇಲೆ ಬಿಡದೆ ನೀರು ಸಿಂಪಡಿಸುವುದು. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖದಿಂದ ಮಂಜುಗಡ್ಡೆಯ ಕವಚದೊಳಗಿನ ಚಿಗುರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬದುಕಿರುತ್ತದೆ. ಬಿಸಿಲಿಗೆ ಮಂಜು ಕರಗುವ ಮುನ್ನ ಪಂಪು ನಿಂತರೆ ಮಾತ್ರ ಕೆಲಸ ಕೆಟ್ಟಿತು. 2016 ಮತ್ತು 2021ರ ಹಿಮ ಈ ಎಲ್ಲ ಏರ್ಪಾಡುಗಳ ನಡುವೆಯೂ ಭಾರೀ ನಷ್ಟ ಮಾಡಿತು.

ಹಿಮದ ಹೆದರಿಕೆ ತಗ್ಗಿದಂತೆ ತೋಟಗಳು ಮತ್ತೆ ಹಬ್ಬಿದವು, ಜೊತೆಗೆ ಜಗಳವೂ ಬಂತು. ಕಿಮ್ಮರಿಜಿಯನ್ ಮಣ್ಣಿಗಷ್ಟೇ ಶಾಬ್ಲಿ ಹೆಸರು ಸಲ್ಲಬೇಕೆಂದು ಬೆಳೆಗಾರ ವಿಲಿಯಂ ಫೆವ್ರ್ ವಾದಿಸಿದರೆ, ಇಳಿಜಾರಿನ ದಿಕ್ಕು, ಬಿಸಿಲುಗಳೂ ಲೆಕ್ಕಕ್ಕೆ ಬರುತ್ತವೆ ಎಂದು ಇನ್ನೊಬ್ಬ ಬೆಳೆಗಾರ ಜಾನ್ ಡ್ಯೂರಪ್ ಅವರ ಬಣ ಹೇಳಿತು. 1970ರ ದಶಕದಲ್ಲಿ ಗೆದ್ದದ್ದು ವಿಸ್ತರಣೆಯ ಪಕ್ಷ. ಇಂದು ಒಟ್ಟು 5,500 ಹೆಕ್ಟೇರ್ ಮೀರಿದೆ. ಆದರೆ ಏಳು ಹೆಸರುಗಳ ಮೇಲ್ದರ್ಜೆಯ ಇಳಿಜಾರು ಸುಮಾರು 100 ಹೆಕ್ಟೇರಿನಷ್ಟೇ.

ಬಹುಪಾಲು ತೋಟಗಳಲ್ಲಿ ಈಗ ಯಂತ್ರವೇ ಹಣ್ಣು ಉದುರಿಸುತ್ತದೆ. ವೈನು ಉಕ್ಕಿನ ತೊಟ್ಟಿಯಲ್ಲಿ ತಯಾರಾಗುತ್ತದೆ. ಹತ್ತು ಹೆಕ್ಟೇರಿನ ಆಸುಪಾಸಿನ ರಾವನೋ ಎಸ್ಟೇಟಿನಲ್ಲಿ ಕೊಯ್ಲು ಕೈಯಲ್ಲೇ ನಡೆಯುತ್ತದೆ. ವೈನು ಹಳೆಯ ಓಕ್ ಪೀಪಾಯಿಗಳಲ್ಲಿ ಮಾಗುತ್ತದೆ. ಅವುಗಳಲ್ಲಿ ಫೊಯೆಟ್ ಎಂಬ 132 ಲೀಟರಿನ ಶಾಬ್ಲಿಯ ಸಾಂಪ್ರದಾಯಿಕ ಪೀಪಾಯಿಗಳೂ ಇವೆ. ಬಾಟಲಿಯ ಬಾಯಿಗೆ ಮೇಣದ ಮೊಹರು. ಫ್ರಾಂಸ್ವಾ 2000ದಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಎಸ್ಟೇಟಿನ ಹೊಣೆ ಮಕ್ಕಳಾದ ಜಾನ್-ಮಾರಿ ಮತ್ತು ಬರ್ನಾರ್ ಅವರ ಕೈ ಸೇರಿತ್ತು. ಲೂಯಿ ಕಾಲದಲ್ಲಿ ಚದುರಿದ್ದ ತೋಟ ಮತ್ತೆ ಪಾಲಾಗದಂತೆ ಅಣ್ಣತಮ್ಮಂದಿರು ಜೊತೆಯಲ್ಲೇ ನಡೆಸಿದರು.