ಲಗೇಜಿನ ತೂಕ ಮತ್ತು ವಿಮಾನದ ಇಂಗಾಲ

ಧಾರವಾಡದ ಸಪ್ತಾಪುರ ತರಬೇತಿ ಕೇಂದ್ರಗಳಿಗೂ ವಿದ್ಯಾರ್ಥಿಗಳ ಬಿಡಾರಗಳಿಗೂ ಹೆಸರಾದ ಬಡಾವಣೆ. ಇಲ್ಲಿಂದ ವ್ಯಾಸಂಗಕ್ಕೆಂದು ವಿದೇಶಕ್ಕೆ ಹೊರಡುವವರ ಚೀಲಗಳಲ್ಲಿ ಪುಸ್ತಕ, ಪೇಢೆ, ಶೇಂಗಾ ಚಟ್ನಿಪುಡಿಗಳು ತುಂಬಿರುತ್ತವೆ. ಆ ಭಾರಕ್ಕೂ ಇಂಧನ ಉರಿಯುತ್ತದೆ.

ದೂರದ ಹಾರಾಟದಲ್ಲಿ ಹೆಚ್ಚುವರಿ ತೂಕದ ಸುಮಾರು ಶೇ. 3ರಷ್ಟು ಇಂಧನವು ಪ್ರತಿ ತಾಸಿಗೂ ಅದನ್ನು ಹೊರುವುದಕ್ಕೇ ವ್ಯಯವಾಗುತ್ತದೆ. ಒಂದು ಕಿಲೋ ವಿಮಾನ ಇಂಧನ ಉರಿದಾಗ, ಗಾಳಿಯ ಆಮ್ಲಜನಕವೂ ಬೆರೆತು, 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 10 ತಾಸು. 10 ಕಿಲೋ ಇಳಿಸಿದರೆ ತಪ್ಪುವುದು 9 ಕಿಲೋದಷ್ಟು ಡೈಆಕ್ಸೈಡ್. ಅದೇ ಪಯಣದಲ್ಲಿ ಪ್ರಯಾಣಿಕನೊಬ್ಬನ ಪಾಲು ಸುಮಾರು ಅರ್ಧ ಟನ್. ಅಂದರೆ ಉಳಿತಾಯ ಶೇ. 2ರ ಆಸುಪಾಸು. ಒಬ್ಬನಿಗೆ ಇದು ಅಲ್ಪವೇ ಸರಿ, ಆದರೆ 300 ಮಂದಿಯೂ ಹಾಗೆ ಮಾಡಿದರೆ ಒಂದೇ ಹಾರಾಟದಲ್ಲಿ ಎರಡೂವರೆ ಟನ್ ಮೀರುತ್ತದೆ. ಮೊದಲು ಹೊರತೆಗೆಯಬೇಕಾದುದು ಪುಸ್ತಕಗಳನ್ನು. ಒಣಗಿದ ಖಡಕ್ ರೊಟ್ಟಿ ಹಗುರ, ಅದರ ಮೇಲೆ ಮುನಿಸು ಬೇಡ.

ಹುಬ್ಬಳ್ಳಿ–ಬೆಂಗಳೂರು ನಡುವಿನ ಒಂದು ತಾಸಿನ ಹಾರಾಟದಲ್ಲಿ ಅದೇ 10 ಕಿಲೋ ಇಳಿಸಿದರೆ ಉಳಿಯುವುದು ಒಂದು ಕಿಲೋದ ಆಚೀಚೆ ಮಾತ್ರ. ಈ ದಾರಿಯಲ್ಲಿ ಚೀಲಕ್ಕಿಂತ ವಾಹನದ ಆಯ್ಕೆಯೇ ಮುಖ್ಯ. 2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಆರಂಭವಾಯಿತು. ಇಂತಹ ವಿದ್ಯುತ್ ರೈಲಿನಲ್ಲಿ ಪ್ರಯಾಣಿಕನೊಬ್ಬನ ಇಂಗಾಲದ ಪಾಲು ವಿಮಾನಕ್ಕಿಂತ ಬಹಳ ಕಡಿಮೆ, ಪುಸ್ತಕಗಳನ್ನು ಹೊತ್ತೊಯ್ದರೂ.