ಸೆಲೆನಿಯಂ ಮಾತ್ರೆ ಕ್ಯಾನ್ಸರ್ ತಡೆಯುತ್ತದೆಯೇ?

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ದಿನದಿಂದ ಉಳಿದವರೆಲ್ಲ ಹೆದರುತ್ತಾರೆ; ಯಾರು ಏನು ಸಲಹೆ ಕೊಟ್ಟರೂ ಕೇಳುತ್ತಾರೆ. ‘ಸೆಲೆನಿಯಂ ಮಾತ್ರೆ ನುಂಗಿದರೆ ಕ್ಯಾನ್ಸರ್ ಬಾರದು’ ಎಂಬುದು ಅಂತಹ ಸಲಹೆಗಳಲ್ಲಿ ಒಂದು. ಇದರಲ್ಲಿ ನಿಜವೆಷ್ಟು?

ಸೆಲೆನಿಯಂ ಎಂದರೇನು?

1817ರಲ್ಲಿ ಸ್ವೀಡನ್ನಿನ ವಿಜ್ಞಾನಿ ಬರ್ಜೀಲಿಯಸ್ ಕಂಡುಹಿಡಿದ ಈ ಮೂಲವಸ್ತು ಗುಣದಲ್ಲಿ ಗಂಧಕವನ್ನು ಹೋಲುತ್ತದೆ. ಗಿಡಗಳು ಇದನ್ನು ಮಣ್ಣಿನಿಂದ ಹೀರಿ, ಗಂಧಕವಿರಬೇಕಾದ ಜಾಗದಲ್ಲಿ ಸೇರಿಸಿಕೊಂಡು ಸೆಲೆನೋಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ತಯಾರಿಸುತ್ತವೆ. ಧಾನ್ಯಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಸೆಲೆನಿಯಂ ಹೆಚ್ಚಿರುವ ಮಣ್ಣಿನಲ್ಲಿ ಬೆಳೆದ ಬೆಳ್ಳುಳ್ಳಿಯಲ್ಲಿ ಮಿಥೈಲ್ ಸೆಲೆನೋಸಿಸ್ಟೀನ್ ಎಂಬ ಇನ್ನೊಂದು ರೂಪ ದೊರೆಯುತ್ತದೆ.

ನಮ್ಮ ದೇಹದಲ್ಲಿ ಕೆಲಸ ಮಾಡುವುದು ಸೆಲೆನೋಸಿಸ್ಟೀನ್. ಇದನ್ನು 21ನೆಯ ಅಮೈನೋ ಆಮ್ಲವೆಂದು ಕರೆಯುತ್ತಾರೆ. ಇದನ್ನು ಒಳಗೊಂಡ ಪ್ರೋಟೀನುಗಳಿಗಾಗಿ ಮನುಷ್ಯನಲ್ಲಿ 25 ವಂಶವಾಹಿಗಳಿವೆ. ಇವುಗಳಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವವು ಜೀವಕೋಶಗಳಿಗೆ ಹಾನಿ ಮಾಡುವ ಪೆರಾಕ್ಸೈಡುಗಳನ್ನು ನಿರಪಾಯಗೊಳಿಸುತ್ತದೆ. ಕ್ಯಾನ್ಸರ್ ತಡೆಯ ಆಸೆ ಹುಟ್ಟಿದ್ದು ಇಲ್ಲಿಂದಲೇ.

ಆಸೆ ಮತ್ತು ನಿರಾಸೆ

ಅಮೆರಿಕದಲ್ಲಿ ಲ್ಯಾರಿ ಕ್ಲಾರ್ಕ್ ಅವರ ತಂಡ, ಹಿಂದೆ ಚರ್ಮದ ಕ್ಯಾನ್ಸರ್ ಬಂದಿದ್ದ 1,312 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಉಳ್ಳ ಯೀಸ್ಟ್ ಸೇವನೆಯಿಂದ ಚರ್ಮದ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ಆದರೆ ಪ್ರೋಸ್ಟೇಟ್, ಶ್ವಾಸಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಕಂಡುಬಂದವು.

ಇದನ್ನು ಖಚಿತಪಡಿಸಲು 2001ರಲ್ಲಿ ‘ಸೆಲೆಕ್ಟ್’ ಎಂಬ ಪ್ರಯೋಗ ಆರಂಭವಾಯಿತು. 35,000ಕ್ಕೂ ಹೆಚ್ಚು ಪುರುಷರು ಭಾಗವಹಿಸಿದರು. ಸೆಲೆನಿಯಂ ಪಡೆದವರಿಗೆ 200 ಮೈಕ್ರೋಗ್ರಾಂ ಅನ್ನು ಸೆಲೆನೋಮೆಥಿಯೋನಿನ್ ರೂಪದಲ್ಲಿ ಕೊಡಲಾಯಿತು. ಪ್ರೋಸ್ಟೇಟ್ ಕ್ಯಾನ್ಸರ್ ಕಡಿಮೆಯಾಗದ ಕಾರಣ 2008ರಲ್ಲಿ ಮಾತ್ರೆಗಳನ್ನು ನಿಲ್ಲಿಸಲಾಯಿತು. ಮೊದಲೇ ದೇಹದಲ್ಲಿ ಸೆಲೆನಿಯಂ ಹೆಚ್ಚಿದ್ದವರಲ್ಲಿ ಈ ಮಾತ್ರೆಯಿಂದ ಉಗ್ರ ಸ್ವರೂಪದ ಪ್ರೋಸ್ಟೇಟ್ ಕ್ಯಾನ್ಸರಿನ ಅಪಾಯ ಸುಮಾರು ಇಮ್ಮಡಿಯಾದುದು 2014ರ ವಿಶ್ಲೇಷಣೆಯಲ್ಲಿ ತಿಳಿದುಬಂತು. ಕ್ಲಾರ್ಕ್ ಪ್ರಯೋಗದ 2007ರ ಮರುಪರಿಶೀಲನೆಯಲ್ಲೂ ಸೆಲೆನಿಯಂ ಪಡೆದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿತ್ತು.

ಈ ವ್ಯತ್ಯಾಸಕ್ಕೆ ಕಾರಣವೇನು? ಕ್ಲಾರ್ಕ್ ಪ್ರಯೋಗದಲ್ಲಿ ಪ್ರಯೋಜನ ಕಂಡದ್ದು ಮುಖ್ಯವಾಗಿ ರಕ್ತದಲ್ಲಿ ಸೆಲೆನಿಯಂ ಕಡಿಮೆ ಇದ್ದವರಲ್ಲಿ. ಚೀನಾದ ಲಿನ್‌ಷಿಯಾನ್‌ನಲ್ಲಿ ಪೌಷ್ಟಿಕತೆಯ ಕೊರತೆಯಿದ್ದ ಜನರಿಗೆ ಬೀಟಾ ಕ್ಯಾರೋಟಿನ್, ವಿಟಮಿನ್ ‘ಇ’ ಜೊತೆ ಸೆಲೆನಿಯಂ ಕೊಟ್ಟಾಗ ಕ್ಯಾನ್ಸರ್ ಸಾವು ಶೇ. 13ರಷ್ಟು ಕಡಿಮೆಯಾದುದು 1993ರಲ್ಲಿ ವರದಿಯಾಗಿತ್ತು. ಕೊರತೆಯಿದ್ದಲ್ಲಿ ತುಂಬಿಸುವುದು ಬೇರೆ, ತುಂಬಿದ ಕೊಡಕ್ಕೆ ಮತ್ತೆ ಸುರಿಯುವುದು ಬೇರೆ.

ನಮಗೆಷ್ಟು ಬೇಕು?

ಅಮೆರಿಕದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು, 400 ಮೀರಬಾರದು. ದೀರ್ಘಕಾಲ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಸೀಳುತ್ತದೆ, ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ. ನಮ್ಮ ಕರಾವಳಿಯ ಊಟದ ಬಂಗುಡೆ, ಬೂತಾಯಿ ಮೀನುಗಳಲ್ಲಿ ಸೆಲೆನಿಯಂ ಚೆನ್ನಾಗಿಯೇ ಇದೆ. ಮೊಟ್ಟೆ, ಮಾಂಸಗಳಿಂದಲೂ ದೊರೆಯುತ್ತದೆ.

ಅತಿಯಾದರೆ ಅಮೃತವೂ ವಿಷ. ಆದ್ದರಿಂದ ವೈದ್ಯರನ್ನು ಕೇಳದೆ ಈ ಮಾತ್ರೆಗಳನ್ನು ಸೇವಿಸಬೇಡಿ. ಚಿಕಿತ್ಸೆಯಲ್ಲಿರುವವರು ಇಂತಹ ಮಾತ್ರೆಯನ್ನು ನಂಬಿ ಚಿಕಿತ್ಸೆಯನ್ನು ಎಂದಿಗೂ ಬಿಡಬಾರದು. ತಂಬಾಕು ಮತ್ತು ಮದ್ಯವನ್ನು ತ್ಯಜಿಸುವುದು, ಸಕಾಲದಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು ನಿಜವಾದ ರಕ್ಷಣೆ. ದೇವರು ನಮಗೊಪ್ಪಿಸಿದ ಈ ದೇಹವನ್ನು ಭಯದಿಂದಲ್ಲ, ವಿವೇಕದಿಂದ ಕಾಪಾಡೋಣ.